ತಲೆಕೆಳಗಾದ ಕಾಗೆಗಳು

ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಒಂದು ಹೆಣ ನೇತಾಡುತ್ತಿತ್ತು. ಬಿಳಿ ಬಟ್ಟೆ, ಕುತ್ತಿಗೆಗೆ ಹಗ್ಗ, ಬಾಯಿಯ ಸುತ್ತ ಕೆಂಪು ಬಣ್ಣ. ನನ್ನ ಕೈಯಲ್ಲಿ ಅಮ್ಮನ ಶ್ರಾದ್ಧದ ಎಲೆ. ಕಾವಲುಗಾರ ನಕ್ಕು, “ಹಂತು ಪಾರ್ಟಿ, ಡಾಕ್ಟರ್” ಎಂದ. ಹಂತು ಎಂದರೆ ಮಲಯ ಭಾಷೆಯಲ್ಲಿ ದೆವ್ವ.

ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾ ಆರು ವರ್ಷವಾಯಿತು. ಊಟ ಕಟ್ಟಿಕೊಡಿ ಅನ್ನಲು ‘ತಪಾವ್’ ಎನ್ನುವುದಕ್ಕೆ ನಾಲಿಗೆ ಎಂದೋ ಹೊರಳಿದೆ. ಈ ಹ್ಯಾಲೋವೀನ್ ಮಾತ್ರ ಒಗ್ಗಲಿಲ್ಲ. ಅಮೆರಿಕದ ಹಬ್ಬ, ಇಲ್ಲಿಯವರದ್ದೂ ಅಲ್ಲ, ನಮ್ಮದೂ ಅಲ್ಲ. ಸತ್ತವರನ್ನು ಗೇಲಿ ಮಾಡಲು ಒಂದು ದಿನ, ಅದಕ್ಕೊಂದು ಸಮಿತಿ, ಮೇಲೆ ಬಹುಮಾನ. ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಈ ವರ್ಷ ಅಮ್ಮನ ತಿಥಿ ಅದೇ ದಿನಕ್ಕೆ ಬಿತ್ತು.

ಉಡುಪಿಯಿಂದ ಭಟ್ಟರು ವಿಡಿಯೋ ಕರೆಯಲ್ಲಿ ಮಂತ್ರ ಹೇಳಿದ್ದರು. ಇನ್ನು ಕಾಗೆ ಮುಟ್ಟಿದರೆ ನಮ್ಮ ಊಟ. ಊರಿನಲ್ಲಿ ಬಾವಿಕಟ್ಟೆಯ ಮೇಲೆ ಎಲೆಯಿಟ್ಟು ಕರೆಯುವಷ್ಟರಲ್ಲಿ ಕಾಗೆ ಹಾಜರು. ಇಲ್ಲಿ ಕಾರು ನಿಲ್ಲಿಸುವ ಜಾಗದ ಪಕ್ಕದ ಮೋಟುಗೋಡೆಯೇ ಬಾವಿಕಟ್ಟೆ. ಹೋದ ವರ್ಷ ಐದು ಕಾಗೆ ಬಂದಿದ್ದವು. ಈ ಸಲ ಒಂದು ಗಂಟೆ ಕಾದರೂ ಒಂದೂ ಇಲ್ಲ.

ಹೆಂಡತಿ ಶೈಲಾ ಫೋನ್ ಮಾಡಿದಳು. “ಇನ್ನೂ ಮುಟ್ಟಲಿಲ್ವಾ ಮಾರಾಯ್ರೆ? ನೀರಿಗೆ ಬಿಟ್ರೂ ಆಗ್ತದೆ ಅಂತ ಭಟ್ರು ಹೇಳಿದ್ದಾರಲ್ಲ.”

“ಎಲ್ಲಿಗೆ ಬಿಡುದು? ಸ್ವಿಮ್ಮಿಂಗ್ ಪೂಲಿಗಾ?” ಎಂದು ರೇಗಿದೆ. ಅಮ್ಮ ಹೋದಾಗ ನಾನು ಇಲ್ಲಿದ್ದೆ. ಬೆಂಕಿ ಕೊಟ್ಟವನು ತಮ್ಮ. ವರ್ಷಕ್ಕೊಮ್ಮೆ ಒಂದು ತುತ್ತು ಇಡುವುದಷ್ಟೇ ನನಗೆ ಉಳಿದಿರುವುದು.

ಆಗ ತಲೆಯೆತ್ತಿ ನೋಡಿದೆ. ಗೋಡೆಯ ಮೇಲಕ್ಕೆ ಚಾಚಿದ ಮರದ ತುಂಬ ಪ್ಲಾಸ್ಟಿಕ್ ಕಾಗೆಗಳನ್ನು ಕಾಲಿಗೆ ದಾರ ಕಟ್ಟಿ ತಲೆಕೆಳಗೆ ತೂಗುಬಿಟ್ಟಿದ್ದರು. ಸತ್ತ ಕಾಗೆ ಕಟ್ಟಿದಲ್ಲಿಗೆ ಕಾಗೆ ಬಾರದೆಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಪಂಚೆ ಎತ್ತಿಕಟ್ಟಿ ಗೋಡೆ ಹತ್ತಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಕೆಳಗೆಸೆದೆ.

ಸಮಿತಿಯ ಮಿಸೆಸ್ ಲಿಮ್ ಓಡಿಬಂದರು. “ಅಯ್ಯೋ ಡಾಕ್ಟರ್, ಚಿಲ್ಡ್ರನ್ಸ್ ಪಾರ್ಟಿ ಲಾ. ವೈ ಸೋ ಆಂಗ್ರಿ?”

ಇಂಗ್ಲಿಷಿನಲ್ಲಿ ಹೇಳಲು ಹೋದೆ, ಬರಲಿಲ್ಲ. “ನನ್ನಮ್ಮ ಹಸಿದು ಕೂತಿದ್ದಾಳೆ” ಎಂದು ಕನ್ನಡದಲ್ಲೇ ಕಿರುಚಿದೆ. ಅಲ್ಲಿದ್ದವರಲ್ಲಿ ಅದು ಅರ್ಥವಾದದ್ದು ಒಬ್ಬಳಿಗೆ ಮಾತ್ರ. ಮಾಟಗಾತಿಯ ಟೋಪಿ ಹಾಕಿಕೊಂಡ ನನ್ನ ಹತ್ತು ವರ್ಷದ ಮಗಳು ಮೇಧಾ ಗೆಳತಿಯರ ನಡುವೆ ತಲೆ ತಗ್ಗಿಸಿ ನಿಂತಿದ್ದಳು.

ಮಿಸೆಸ್ ಲಿಮ್ ಮಕ್ಕಳನ್ನು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂತು, ವಡೆ ಕಚ್ಚಿಕೊಂಡು ಹಾರಿತು. ನನಗೆ ಸಮಾಧಾನವಾಗಬೇಕಿತ್ತು.

ಮೇಲೆ ಬಂದು ಎಲೆಯ ಮುಂದೆ ಕೂತೆ. ಮಗಳು ಇನ್ನೂ ಮೇಲೆ ಬಂದಿರಲಿಲ್ಲ. ಎದ್ದು ಹೋಗಿ ಕಿಟಕಿಯಿಂದ ನೋಡಿದೆ. ಕೆಳಗೆ ಮೇಧಾ ಒಬ್ಬಳೇ ಗೋಡೆಯ ಮೇಲೆ ನಿಂತು, ನಾನು ಕಿತ್ತೆಸೆದ ಕಾಗೆಗಳನ್ನು ಒಂದೊಂದಾಗಿ ಮರಕ್ಕೆ ಕಟ್ಟುತ್ತಿದ್ದಳು. ಅಪ್ಪ ಮಾಡಿದ್ದನ್ನು ಸರಿಮಾಡುತ್ತಿದ್ದಳು, ಅವಳ ಊರಿನಲ್ಲಿ.

ಮನೆಗೆ ಬಂದವಳು ಟೋಪಿ ತೆಗೆದು ಊಟಕ್ಕೆ ಕೂತಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅಂದು ಕನ್ನಡದ ಪದಗಳನ್ನು ಹುಡುಕಿ ಹುಡುಕಿ ಕೇಳಿದಳು: “ಅಪ್ಪಾ, ಮುಂದಿನ ವರ್ಷ ಅಜ್ಜಿ ಬೇರೆ ದಿನ ಬರಬಹುದಾ?”

ತಿಥಿ ಹೇಗೂ ಬೇರೆ ದಿನಕ್ಕೇ ಬೀಳುತ್ತದೆ. ನನ್ನ ಸಿಟ್ಟು ಇಳಿದಿರಲಿಲ್ಲ; ಅಷ್ಟು ಹೇಳಿ ಅವಳನ್ನು ಸಮಾಧಾನ ಮಾಡಲೂ ಇಲ್ಲ.