ರೊಟ್ಟಿ ಹುಡುಕಲು ಹೋಗದ ಸಂಜೆ

ತೊಂಬತ್ತರ ದಶಕದ ನಡುವೆ ನನ್ನವರಿಗೆ ಕೊಚ್ಚಿಯ ಮಟ್ಟಾಂಚೇರಿಯ ಬ್ಯಾಂಕ್ ಶಾಖೆಗೆ ವರ್ಗವಾಗಿತ್ತು. ನಾವು ಮೈಸೂರಿನವರು. ನಾಲ್ಕು ಮನೆ ಆಚೆ ಒಬ್ಬ ಯೆಹೂದಿ ಅಜ್ಜಿ ಒಬ್ಬರೇ ಇದ್ದರು. ಮಕ್ಕಳು ಮೊಮ್ಮಕ್ಕಳೆಲ್ಲ ಇಸ್ರೇಲಿಗೆ ಹೋಗಿ ನೆಲೆಸಿದ್ದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ ನನ್ನ ಆರು ವರ್ಷದ ಮಗಳು ಸ್ಕೂಲಿಂದ ಬಂದವಳೇ ಅಲ್ಲಿಗೆ ಓಡುತ್ತಿದ್ದಳು. ಅಜ್ಜಿ ಅವಳನ್ನು ಮಲಯಾಳದಲ್ಲಿ 'ಮೋಳೆ', ಅಂದರೆ ಮಗಳೇ, ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಅವಳನ್ನು ಸೆಳೆದದ್ದು ಅಜ್ಜಿಯ ಬಳಿಯಿದ್ದ ಒಂದು ಇಂಗ್ಲಿಷ್ ಚಿತ್ರಪುಸ್ತಕ. ಅವರ ಪಾಸೋವರ್ ಹಬ್ಬದ ಊಟದಲ್ಲಿ ಹುಳಿ ಬರಿಸದ ರೊಟ್ಟಿಯ ಒಂದು ತುಂಡನ್ನು ಹಿರಿಯರು ಬಚ್ಚಿಡುತ್ತಾರೆ, ಮಕ್ಕಳು ಹುಡುಕಬೇಕು. ಅದನ್ನು ತಿಂದ ಮೇಲೆಯೇ ಊಟ ಮುಗಿದಂತೆ. ಪುಸ್ತಕದ ಪುಟಾಣಿಗಳು ತಾತನ ಬೂಟಿನೊಳಗೆ ಹುಡುಕಿ, ಕೊನೆಗೆ ಮಲಗಿದ್ದ ಬೆಕ್ಕನ್ನೂ ಎತ್ತಿ ನೋಡುತ್ತಿದ್ದವು. ಬೆಕ್ಕಿನ ಪುಟ ಬಂದರೆ ನನ್ನ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಪುಸ್ತಕವನ್ನು ಮನೆಗೂ ತಂದಳು. ಮಕ್ಕಳದ್ದಲ್ಲವೇ ಎಂದು ನಾನು ತೆರೆದೂ ನೋಡಲಿಲ್ಲ.

ಹಬ್ಬಕ್ಕೆ ವಾರ ಇರುವಾಗ ಅಜ್ಜಿ ನನ್ನನ್ನು ಕರೆದು, "ಆ ಸಂಜೆ ಮಗಳನ್ನ ಕಳಿಸ್ತೀಯಾ? ಈ ಮನೆಯಲ್ಲಿ ರೊಟ್ಟಿ ಹುಡುಕೋಕೆ ಮಕ್ಕಳಿಲ್ಲದೆ ಎಷ್ಟೋ ವರ್ಷ ಆಯ್ತು" ಎಂದರು.

"ಖಂಡಿತ, ಆಂಟಿ" ಎಂದೆ.

ಅವರು ತಿಂಡಿ ಕಳಿಸಿದ್ದ ಡಬ್ಬಿಯೊಂದು ನಮ್ಮಲ್ಲಿತ್ತು. ಖಾಲಿ ಡಬ್ಬಿ ವಾಪಸ್ ಕೊಡುವುದು ನಮ್ಮ ಪದ್ಧತಿಯಲ್ಲ. ಹಬ್ಬದ ಬೆಳಿಗ್ಗೆ ಹೋಳಿಗೆ ಮಾಡಿ, ತುಪ್ಪ ಸವರಿ, ಡಬ್ಬಿ ತುಂಬಿಕೊಂಡು ಹೋದೆ. ಬಾಗಿಲಿಗೆ ಬಂದ ಅಜ್ಜಿ ಮುಚ್ಚಳ ತೆಗೆದು ನೋಡಿದವರೇ ಕೈ ಅಡ್ಡ ಹಿಡಿದರು. "ಬೇಡ, ಬೇಡ! ಇವತ್ತು ಇದು ಒಳಗೆ ಬರಕೂಡದು." ಇನ್ನೂ ಏನೋ ಹೇಳುತ್ತಿದ್ದರು. ನಾನು ನಿಲ್ಲಲಿಲ್ಲ.

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಮಡಿಯ ಹೆಸರು ಹೇಳಿ ಎಷ್ಟೋ ಜನರನ್ನು ಹಿತ್ತಲಲ್ಲೇ ನಿಲ್ಲಿಸುತ್ತಿದ್ದರು. ಆಗ ನನಗೇನೂ ಅನ್ನಿಸಿರಲಿಲ್ಲ. ನನ್ನ ಸರದಿ ಬಂದಾಗ ಮೈಯೆಲ್ಲ ಉರಿಯಿತು. ನನ್ನ ಕೈಯಡುಗೆ ಮೈಲಿಗೆ, ನನ್ನ ಮಗಳು ಮಾತ್ರ ಬೇಕೋ? ಸಂಜೆ ಹೊಸ ಲಂಗ ಹಾಕಿಕೊಂಡು ನಿಂತವಳನ್ನು "ಎಲ್ಲಿಗೂ ಹೋಗಬೇಡ" ಎಂದು ಗದರಿ, ಬಾಗಿಲಿಗೆ ಚಿಲಕ ಹಾಕಿದೆ. ಅವಳು ಅತ್ತಳು. ಹೋಳಿಗೆಯನ್ನು ಇಬ್ಬರೂ ಮುಟ್ಟಲಿಲ್ಲ.

ತಿಂಗಳೊಳಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಜ್ಜಿಗೆ ಒಂದು ಮಾತೂ ಹೇಳದೆ ಹೊರಟುಬಂದೆ. ಅಲ್ಲಿ ಉಳ್ಳೂರು ಬಡಾವಣೆಯ ಮನೆಯಲ್ಲಿ ಸಾಮಾನು ಬಿಚ್ಚುವಾಗ ಆ ಪುಸ್ತಕ ಕೈಗೆ ಬಂತು. ಅಲ್ಲೇ ಕೂತು ಓದಿದೆ. ಮೂರನೆಯ ಪುಟದಲ್ಲೇ ಇತ್ತು: ಹಬ್ಬಕ್ಕೆ ಮುಂಚೆ ಮನೆಮಂದಿಯೆಲ್ಲ ಸೇರಿ ಮೂಲೆ ಮೂಲೆ ಗುಡಿಸುತ್ತಾರೆ, ನೆನೆದು ಹುಳಿ ಬಂದ ಹಿಟ್ಟಿನದು ಒಂದು ಚೂರೂ, ಬಿಸ್ಕತ್ತಿನ ಪುಡಿಯೂ ಮನೆಯಲ್ಲಿರಬಾರದು. ನಾನು ಒಯ್ದದ್ದು ಎರಡು ಗಂಟೆ ನೆನೆಸಿದ ಕಣಕದ ಹೋಳಿಗೆ. ನಾಚಿಕೆಯಾಯಿತು. ಅವರೂ ಇಸ್ರೇಲಿಗೆ ಹೊರಟುಬಿಟ್ಟರೆ ಎಂದು ಭಯವೂ ಆಯಿತು.

ಓಣಂ ರಜೆಗೆ ಮಗಳನ್ನು ಕರೆದುಕೊಂಡು ರೈಲು ಹತ್ತಿದೆ. ಅಜ್ಜಿ ಇದ್ದರು. ಪುಸ್ತಕ ಕೈಗಿಟ್ಟು, "ತಪ್ಪಾಯ್ತು ಆಂಟಿ, ನನಗೆ ಗೊತ್ತಿರಲಿಲ್ಲ" ಎಂದೆ.

"ನಿಂತಿದ್ದರೆ ಹೇಳ್ತಿದ್ದೆ" ಎಂದರು, ಅಷ್ಟೆ.

ಮಗಳು ನನ್ನ ಸೆರಗಿನ ಹಿಂದಿನಿಂದಲೇ ಕೇಳಿದಳು, "ಹಾಗಾದ್ರೆ ಅವತ್ತು ನಿಮ್ಮ ಊಟ ಮುಗೀಲೇ ಇಲ್ವಾ?"

"ಮುಗೀತು, ಮೋಳೆ. ಬಾಗಿಲು ತೆರೆದಿಟ್ಟು ತುಂಬ ಹೊತ್ತು ಕಾದೆ. ಆಮೇಲೆ ನಾನೇ ಎದ್ದು ಹುಡುಕಿದೆ. ಬಚ್ಚಿಟ್ಟವಳೂ ನಾನೇ ಅಲ್ವಾ, ಬೇಗ ಸಿಕ್ಕಿತು."