ಕಾಲು ಗಂಟೆ ಮುಂದಿನ ಗಡಿಯಾರ

ಫೋಟೋಗ್ರಾಫರನಿಗೆ ಬೀದಿಯವರು ಇಟ್ಟ ಹೆಸರು ಅವಸರಪ್ಪ. ಗೋಡೆಯ ಗಡಿಯಾರ, ಕೈಗಡಿಯಾರ, ಮೊಬೈಲು, ಎಲ್ಲವನ್ನೂ ಕಾಲು ಗಂಟೆ ಮುಂದಿಟ್ಟುಕೊಂಡು ಬದುಕುವ ಮನುಷ್ಯನಿಗೆ ಬೇರೆ ಹೆಸರು ಒಪ್ಪುವುದಾದರೂ ಹೇಗೆ? ಹಿಂದೊಮ್ಮೆ ಮದುವೆಯೊಂದಕ್ಕೆ ತಡವಾಗಿ ಹೋಗಿ, ನೆರೆದವರ ಮುಂದೆ ಮದುಮಗಳ ಅಪ್ಪನಿಂದ ಚೆನ್ನಾಗಿ ಉಗಿಸಿಕೊಂಡಿದ್ದ. ಅಂದಿನಿಂದ ಈ ಏರ್ಪಾಡು. ಗಡಿಯಾರ ಸುಳ್ಳು ಹೇಳುತ್ತಿದೆ ಎಂದು ಗೊತ್ತಿದ್ದೂ ಅದನ್ನೇ ನಂಬಿ ಓಡುವುದು ಅವನೊಬ್ಬನಿಗೇ ಒಲಿದ ವಿದ್ಯೆ.

ಪಕ್ಕದಂಗಡಿಯ ಟೈಲರಣ್ಣ ದಿನವೂ ಎರಡು ಲೋಟ ಚಹಾ ತರಿಸಿ, ಹೊಲಿಗೆ ಮಿಷನ್ನಿನ ಮೇಲಿಟ್ಟು ಕೂಗುತ್ತಿದ್ದ.

"ಬಾರೋ ಅವಸರಪ್ಪಾ, ಒಂದು ಗಳಿಗೆ ಕೂತ್ಕೋ. ಏನೂ ಮುಳುಗಿ ಹೋಗಲ್ಲ."

"ಟೈಮಿಲ್ಲಣ್ಣ, ನಾಳೆ ಬರ್ತೀನಿ."

"ನಿನ್ನ ಗಡಿಯಾರ ನೋಡಿದ್ರೆ, ನಮ್ಮೆಲ್ಲರಿಗಿಂತ ಮುಂಚೆ ಹೋಗೋನು ನೀನೇ ಕಣೋ!"

ಹಾಗೆಂದು ನಗುತ್ತ ಎರಡೂ ಲೋಟ ತಾನೇ ಖಾಲಿ ಮಾಡುತ್ತಿದ್ದ.

ಆ ಟೈಲರಣ್ಣ ಇವತ್ತು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಓಡಿಹೋದ ಅವಸರಪ್ಪನ ಬಳಿ ಟೈಲರಣ್ಣನ ಹೆಂಡತಿ, ಅವನ ಪಾಲಿನ ಅತ್ತಿಗೆ, ಕೇಳಿದ್ದು ಒಂದೇ.

"ಮನೇಲಿರೋದು ಗುರುತಿನ ಚೀಟಿದು ಒಂದೇ ಫೋಟೋ. ಅದ್ರಲ್ಲಿ ಯಾರ ಮೇಲೋ ಜಗಳಕ್ಕೆ ನಿಂತ ಹಾಗಿದಾರೆ. ನೀವು ತೆಗೆದಿದ್ರಲ್ಲ, ನಗ್ತಾ ಇರೋದು, ಅದನ್ನ ತಂದ್ಕೊಡಿ. ಹನ್ನೆರಡಕ್ಕೆ ಎತ್ತುತಾರೆ."

ಹೊಸ ಲೆನ್ಸು ಬಂದ ದಿನ ಟೈಲರಣ್ಣನ ಬಾಗಿಲಲ್ಲಿ ನಿಂತು, ಒಳಗೂ ಹೋಗದೆ ಕ್ಲಿಕ್ಕಿಸಿದ್ದ ಚಿತ್ರ ಅದು. ಹಳೆಯ ಚಿತ್ರಗಳನ್ನೆಲ್ಲ ಅವನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದ ಜಾಗದಲ್ಲಿ, ಫೋಲ್ಡರುಗಳಲ್ಲಿ ಜೋಡಿಸಿಟ್ಟಿದ್ದ. ಯಾವಾಗಲೂ ತೆರೆದೇ ಇರುತ್ತಿದ್ದ ಆ ಪುಟ, ತಿಂಗಳು ತುಂಬಿತು, ಮತ್ತೆ ಗುರುತು ಹೇಳು ಎಂದು ಇವತ್ತೇ ಅವನನ್ನು ಹೊರಹಾಕಿ ಬಾಗಿಲು ಹಾಕಿಕೊಂಡಿತ್ತು.

ಪಾಸ್‌ವರ್ಡ್ ಹೊಡೆದ. ಒಪ್ಪಿತು. ಆಮೇಲೆ ಮೊಬೈಲಿನ ಆ್ಯಪ್ ತೋರಿಸುವ ಆರಂಕಿಯ ಕೋಡ್ ಕೇಳಿತು. ಹಾಕಿದ. ತಪ್ಪು ಎಂದಿತು. ಆ ಕೋಡಾದರೋ ನಿಂತಲ್ಲಿ ನಿಲ್ಲದೆ ಬದಲಾಗುತ್ತಲೇ ಇರುವಂಥದ್ದು. ಹೊಸದು ಬಂದ ತಕ್ಷಣ ಹಾಕಿದ. ತಪ್ಪು. ಕನ್ನಡಕ ಒರೆಸಿಕೊಂಡು ಒಂದೊಂದೇ ಅಂಕಿ ಒತ್ತಿದ. ತಪ್ಪು. ಬ್ರೌಸರಿನ ಹಳೆಯ ನೆನಪನ್ನೆಲ್ಲ ಅಳಿಸಿದ, ಬೇರೆ ಬ್ರೌಸರ್ ತೆರೆದ, ಇಂಟರ್ನೆಟ್ಟಿನ ಡಬ್ಬಿಯನ್ನು ಆರಿಸಿ ಹಚ್ಚಿದ, ಕಂಪ್ಯೂಟರಿನ ತಲೆಗೆ ಮೊಟಕಿಯೂ ನೋಡಿದ. ಕೊನೆಗೆ ಪರದೆಯ ಮೇಲೆ ಬಂತು: "ಹಲವು ಬಾರಿ ತಪ್ಪಾಗಿದೆ. ಸ್ವಲ್ಪ ಹೊತ್ತು ಕಾದು ಪ್ರಯತ್ನಿಸಿ."

ಕಾಯುವುದು! ಅವಸರಪ್ಪನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ. ಪಕ್ಕದಂಗಡಿಯ ಬೀಗ ಕಣ್ಣಿಗೆ ಬಿತ್ತು. ಮಗಳಿಗೆ ಫೋನ್ ಮಾಡಿದ. ದೂರದ ಆಸ್ಪತ್ರೆಯಲ್ಲಿ ನರ್ಸಾಗಿರುವ ಅವಳೇ ಕಳೆದ ಸಲ ಬಂದಾಗ ಈ ಕೋಡಿನ ವ್ಯವಸ್ಥೆ ಮಾಡಿಕೊಟ್ಟಿದ್ದಳು.

"ನೀನು ಹಾಕಿಕೊಟ್ಟ ಬೀಗ ನನ್ನನ್ನೇ ಹೊರಗೆ ನಿಲ್ಲಿಸಿದೆಯಲ್ಲೇ!"

ಎಲ್ಲ ಕೇಳಿಸಿಕೊಂಡು ಅವಳೆಂದಳು, "ಅಪ್ಪಾ, ನಿಜ ಹೇಳಿ. ಮೊಬೈಲಿನ ಟೈಮು ಮತ್ತೆ ಮುಂದೆ ಮಾಡಿದೀರಾ?"

ಅವಳು ಸರಿ ಮಾಡಿಟ್ಟಿದ್ದ ಮೊಬೈಲನ್ನು, ಅವಳ ಬಸ್ಸು ತಿರುವು ದಾಟುವ ಮೊದಲೇ ಅವಸರಪ್ಪ ಮುಂದೋಡಿಸಿದ್ದ.

"ಆ ಕೋಡು ಹುಟ್ಟೋದೇ ಟೈಮಿನಿಂದ ಅಪ್ಪಾ. ನಿಮ್ಮ ಫೋನು ಇನ್ನೂ ಬಾರದ ಹೊತ್ತಿನ ಕೋಡು ಕೊಡ್ತಿದೆ. ಅಲ್ಲಿ ಅದನ್ನ ಯಾರು ಒಪ್ತಾರೆ? ಸರಿಯಾದ ಟೈಮಿಗೆ ತನ್ನಿ."

ಕೂಡಲೇ ಸರಿ ಮಾಡಿದ. ತಡೆ ಕಳೆದ ಮೇಲೆ ಕೋಡ್ ಹಾಕಿದ. ಬಾಗಿಲು ತೆರೆಯಿತು.

ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದ. ಟೈಲರಣ್ಣ ಬಾಯ್ತುಂಬ ನಗುತ್ತ ಕೈ ಮುಂದೆ ಚಾಚಿದ್ದ. ಬೆಳಕು ಹೇಗೆ ಬಿದ್ದಿದೆ, ಅಂಚು ಎಷ್ಟು ಸ್ಪಷ್ಟವಿದೆ ಎಂದಷ್ಟೇ ಅಂದು ನೋಡಿದ್ದ ಅವಸರಪ್ಪನಿಗೆ ಈಗ ಕಂಡದ್ದು ಆ ಕೈಯಲ್ಲಿದ್ದ ಲೋಟ. ಇನ್ನೊಂದು ಮಿಷನ್ನಿನ ಮೇಲಿತ್ತು. ಚಾಚಿದ್ದು ಇವನಿಗೇ. ಅದನ್ನು ಈಸಿಕೊಳ್ಳದೆ ಕ್ಲಿಕ್ಕಿಸಿ ಹೊರಟುಬಿಟ್ಟಿದ್ದ.

ಪ್ರಿಂಟು ತೆಗೆದು, ಚೌಕಟ್ಟು ಹಾಕಿ, ಎದೆಗವಚಿಕೊಂಡು ಓಡಿದ. ಅಂಗಳದಲ್ಲಿ ಜನ ಇನ್ನೂ ಕೂತೇ ಇದ್ದರು. ಅತ್ತಿಗೆ ಚಿತ್ರವನ್ನು ಸೆರಗಿನಿಂದ ಒರೆಸಿ, ಟೈಲರಣ್ಣನ ತಲೆಯ ಬಳಿ ಇಟ್ಟರು. ಬಹಳ ಹೊತ್ತು ನೋಡಿದರು. ಅವಸರಪ್ಪ ಅಭ್ಯಾಸಬಲದಿಂದ ಹೊರಡಲು ತಿರುಗಿದ.

"ಇನ್ನೂ ಟೈಮಿದೆ," ಎಂದರು ಅತ್ತಿಗೆ. "ದಿನಾ ಕರೀತಿದ್ರು ನಿಮ್ಮನ್ನ. ಇವತ್ತಾದ್ರೂ ಕೂತ್ಕೊಳ್ಳಿ."

ಅವನು ಮೊಬೈಲು ನೋಡಿದ. ನಿಜವಾಗಿಯೂ ಟೈಮಿತ್ತು. ಟೈಲರಣ್ಣನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ.