ಗೇಟಮ್ಮನ ಮೇಲೆ ಮೂರನೆಯ ದೂರು

ಎದುರಿಗೆ ಅವಳನ್ನು ಊರವರು ಗೇಟಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರುಗಳನ್ನು ಅಚ್ಚು ಹಾಕುವಂತಿಲ್ಲ. ರೈಲ್ವೆ ಗೇಟು ಕಾಯುವ ಕೆಲಸ ಅವಳ ಗಂಡನದು. ಅವನು ಸತ್ತ ಮೇಲೆ ಅವಳಿಗೆ ಬಂತು. ತನಗೆ ಬರಬೇಕಿದ್ದ ತುತ್ತನ್ನು ಕಸಿದಳೆಂದು ಮೈದುನ ಹಲ್ಲು ಕಡಿದ. "ಗಂಡನ್ನ ನುಂಗಿದ್ಲು, ಅವನ ಕೆಲಸಾನೂ ನುಂಗಿದ್ಲು" ಎಂದು ಅತ್ತೆ ಬೀದಿಯೆಲ್ಲ ಸಾರಿದಳು. ಏಳು ವರ್ಷದಿಂದ ಮಾತಿಲ್ಲ.

ಮೈದುನನ ವ್ಯಾನು ದಿನವೂ ಅದೇ ಗೇಟು ದಾಟಬೇಕು. ಮುಚ್ಚಿದ್ದರೆ ಕಿವಿ ಕಿತ್ತುಹೋಗುವಂತೆ ಹಾರ್ನ್ ಒತ್ತುತ್ತಿದ್ದ. ಕ್ಯಾಬಿನ್ನಿನ ಕಿಟಕಿಗೆ ಕಟ್ಟಿದ್ದ ದೂರಿನ ಪುಸ್ತಕದಲ್ಲಿ ಆಗಲೇ ಎರಡು ಸಲ ಬರೆದಿದ್ದ. ಇನ್ನೊಂದು ದೂರು ಬಂದರೆ ಕೆಲಸ ಉಳಿಯದೆಂದು ರೈಲ್ವೆ ಇನ್ಸ್‌ಪೆಕ್ಟರು ಗೇಟಮ್ಮನಿಗೆ ಹೇಳಿಹೋಗಿದ್ದರು.

ಗೇಟಿನ ಕ್ರಮ ಹೀಗೆ. ಸ್ಟೇಷನ್ ಮಾಸ್ತರರ ಫೋನ್ ಬಂದೊಡನೆ ಗೇಟು ಇಳಿಸಿ, ಬೀಗ ಹಾಕಿ, ತನ್ನ ಪಟ್ಟಿಯಲ್ಲಿರುವ ಒಂದು ಗುಟ್ಟಿನ ನಂಬರನ್ನು ಅವರಿಗೆ ಹೇಳಬೇಕು. ನಂಬರು ಹೋದರೆ ರೈಲಿಗೆ ಹಸಿರು ದೀಪ. ಆಮೇಲೆ ಹೆತ್ತಪ್ಪನೇ ಬಂದು ನಿಂತರೂ ಕಾಯಬೇಕು.

ಅಂದು ನಂಬರು ಹೇಳಿ ಫೋನ್ ಇಡುವುದಕ್ಕೂ ವ್ಯಾನು ಬರುವುದಕ್ಕೂ ಸರಿಹೋಯಿತು.

"ಅತ್ತಿಗೆ, ಗೇಟ್ ತೆಗಿ! ಅಮ್ಮಂಗೆ ಎದೆನೋವು, ಆಸ್ಪತ್ರೆಗೆ ಹೋಗ್ಬೇಕು!"

ಏಳು ವರ್ಷದ ಮೇಲೆ 'ಅತ್ತಿಗೆ'! ಗೇಟು ತೆಗೆಸಿ ತನ್ನ ಕೆಲಸ ಕಳೆಯುವ ಹೂಟವೇ ಎಂಬ ಗುಮಾನಿ ಅವಳಿಗೆ ಹುಟ್ಟಿದ್ದೇ ಅದರಿಂದ.

"ನಂಬರ್ ಕೊಟ್ಟಾಯ್ತು. ರೈಲು ಹೋಗ್ಲಿ."

"ಅಷ್ಟರಲ್ಲಿ ಸತ್ತೋದ್ರೆ?"

ವ್ಯಾನಿನೊಳಗೆ ಅತ್ತೆ ಎದೆ ಹಿಡಿದು ಒರಗಿದ್ದಳು. ನಿಜವೇ ಆಗಿದ್ದರೆ? ಗೇಟಮ್ಮನ ಕೈ ಬೀಗದ ಕೈಯತ್ತ ಹೋಗಿ, ಅಲ್ಲೇ ನಿಂತಿತು. ದೂರದಲ್ಲಿ ರೈಲು ಕೂಗಿತು.

ಅತ್ತೆಗೆ ತಾಳ್ಮೆ ತಪ್ಪಿತು. ಎದೆನೋವು ಮರೆತು ದುಡುದುಡು ಇಳಿದವಳೇ ಗೇಟಿನಡಿ ಬಗ್ಗಿ ನುಸುಳಿ ಬಂದಳು.

"ಕೊಡೇ ಬೀಗದ ಕೈ, ಮನೆಹಾಳಿ! ನನ್ನ ಮಗನ ಗೇಟು ಇದು!"

ಗೇಟಮ್ಮ ಅವಳ ರಟ್ಟೆ ಹಿಡಿದೆಳೆದು ಕ್ಯಾಬಿನ್ನಿನ ಗೋಡೆಗೆ ಒತ್ತಿ ನಿಲ್ಲಿಸಿದಳು. ಕೊನೆಯ ಡಬ್ಬಿ ದಾಟುವವರೆಗೂ ಬಿಡಲಿಲ್ಲ. ಅತ್ತೆ ಅಷ್ಟು ಹೊತ್ತೂ ಬೈದಳು. ರೈಲಿನ ಸದ್ದಿನಲ್ಲಿ ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಅಮ್ಮನ ಮೇಲೆ ಕೈ ಮಾಡಿದ್ಲು!" ಮೈದುನನಿಗೆ ಹಾಲು ಕುಡಿದಷ್ಟು ಸಂತೋಷ. ಅಮ್ಮ ಗೇಟಿನಡಿ ನುಸುಳಿದ್ದರಿಂದ ಹಿಡಿದು ಒಂದೂ ಬಿಡದೆ ಪುಟ ತುಂಬ ಬರೆದು ಸಹಿ ಹಾಕಿದ. ವ್ಯಾನು ಆಸ್ಪತ್ರೆಗೆ ಹೋಗಲಿಲ್ಲ, ಮನೆಯತ್ತ ತಿರುಗಿತು.

ಮರುದಿನ ಇನ್ಸ್‌ಪೆಕ್ಟರು ಮೂವರನ್ನೂ ಕ್ಯಾಬಿನ್ನಿಗೆ ಕರೆಸಿದರು.

"ಇವಳು ಹಿಡ್ಕೊಂಡಾಗ ಎಲ್ಲಿ ನಿಂತಿದ್ರಿ, ಅಜ್ಜಿ?"

"ಹಳಿ ಪಕ್ಕ."

"ಗೇಟ್ ಮುಚ್ಚಿತ್ತಾ?"

"ಮುಚ್ಚಿತ್ತು ಅನ್ನೋದೇ ನನ್ನ ದೂರು! ಬಗ್ಗಿ ನುಗ್ಗಿ ಬಂದೆ!" ಅತ್ತೆ ಎದೆ ತಟ್ಟಿಕೊಂಡಳು.

"ನೋಯ್ತಿದ್ದ ಎದೆ ಅದೇನಾ?"

ಅತ್ತೆ ಮಗನ ಮುಖ ನೋಡಿದಳು.

"ಮುಚ್ಚಿದ ಗೇಟೊಳಗೆ ನುಗ್ಗೋದು ಅಪರಾಧ. ನಿಮ್ಮಮ್ಮ ಮಾಡಿದ್ದನ್ನ ನೀವೇ ಬರೆದು ಸಹಿ ಹಾಕಿದ್ದೀರಿ. ಮೇಲಕ್ಕೆ ಕಳಿಸ್ಲಾ?"

ಮೈದುನ ಪುಟ ಹರಿಯಲು ಕೈ ಹಾಕಿದ.

"ಪುಟಕ್ಕೆ ನಂಬರ್ ಇದೆ, ಹರಿಯೋ ಹಾಗಿಲ್ಲ. ದೂರು ವಾಪಸ್ ತಗೊಂಡೆ ಅಂತ ಕೆಳಗೆ ಬರೀರಿ."

ಬರೆದ. ಗೇಟಮ್ಮನ ಕೆಲಸ ಉಳಿಯಿತು.

"ನಿನ್ನ ಕೈ ಸೇದೋಗ!" ಹೊಸ್ತಿಲಲ್ಲಿ ಅತ್ತೆ ಉಗಿದಳು.

"ಈ ಕೈ ಇಲ್ದಿದ್ರೆ ನಿನ್ನನ್ನ ಹಳಿ ಮೇಲಿಂದ ಬಾಚ್ಬೇಕಿತ್ತು."

ತಾಯಿ ಮಗ ವ್ಯಾನು ಹತ್ತಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಸ್ಟೇಷನ್ನಿನ ಫೋನ್ ಬಂತು. ಗೇಟಮ್ಮ ಗೇಟು ಇಳಿಸಿ, ಬೀಗ ಹಾಕಿ, ನಂಬರು ಹೇಳಿದಳು. ಹಾರ್ನ್ ಶುರುವಾಯಿತು.